ಅಮೆರಿಕಕ್ಕೆ ಇಂಗ್ಲಿಷ್ ಒಂದೇ ಸಾಕಂತೆ: ಹಾಗಾದ್ರೆ ಕೌಂಟರ್ ಮುಂದೆ ನಿಂತವರ ಗತಿ ಏನು?

2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಇನ್ನು ಮುಂದೆ ಆ ದೇಶದ ಅಧಿಕೃತ ಭಾಷೆ ಅನ್ನೋದು ಅದರ ಒಂದು ಸಾಲಿನ ಸಾರಾಂಶ. ನಮ್ಮ ಕಡೆ ಈ ಸುದ್ದಿ ಕೇಳಿದ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಅಲ್ಲಿ ಮೊದಲಿಂದಲೂ ಇಂಗ್ಲಿಷೇ ತಾನೇ? ಇದರಲ್ಲಿ ಹೊಸದೇನಿದೆ?"

ಹೊಸದು ಇದೆ. ಅಮೆರಿಕದ ಸಂವಿಧಾನದಲ್ಲಿ ಅಧಿಕೃತ ಭಾಷೆ ಅನ್ನುವ ಮಾತೇ ಇಲ್ಲ. ಸ್ವಾತಂತ್ರ್ಯ ಘೋಷಿಸಿಕೊಂಡ 1776ರಿಂದ ಹಿಡಿದು ಸುಮಾರು ಎರಡೂವರೆ ಶತಮಾನ ಆ ದೇಶ ಇಡೀ ರಾಷ್ಟ್ರಕ್ಕೆ ಇದೇ ಭಾಷೆ ಅಂತ ಒಂದನ್ನೂ ಘೋಷಿಸದೆ ನಡೆದುಕೊಂಡು ಬಂತು. ರಾಜ್ಯಗಳ ಮಟ್ಟದಲ್ಲಿ 30ಕ್ಕೂ ಹೆಚ್ಚು ಕಡೆ ಇಂಗ್ಲಿಷನ್ನು ಅಧಿಕೃತ ಅಂತ ಮಾಡಿಕೊಂಡಿದ್ದಾರೆ, ಅದು ಬೇರೆ ವಿಷಯ. ಆದರೆ ಕೇಂದ್ರದಿಂದ ಇಂಥದ್ದೊಂದು ಆದೇಶ ಬಂದದ್ದು ಇದೇ ಮೊದಲು.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಮೊಮ್ಮಗು ಹುಟ್ಟಿತು ಅಂತ ಅಪ್ಪ-ಅಮ್ಮ ಆರು ತಿಂಗಳು ಅಲ್ಲಿಗೆ ಹೋಗಿ ಬರ್ತಾರೆ. ಜೊತೆಗೆ ನಾವು ಕನ್ನಡಿಗರು ಭಾಷೆ ವಿಷಯಕ್ಕೆ ದಿನಾ ಜಗಳ ಆಡೋರು. ಹಾಗಾಗಿ ಅಲ್ಲಿ ನಡೀತಿರೋದು ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ.

ಆದೇಶದಲ್ಲಿ ಇರೋದೇನು?

ವಾಟ್ಸಾಪಿನಲ್ಲಿ ಓಡಾಡುವ ಹಾಗೆ "ಬೇರೆ ಭಾಷೆ ಮಾತಾಡಿದರೆ ದಂಡ" ಅಂತೇನೂ ಇದರಲ್ಲಿಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ, ದೇವಸ್ಥಾನದಲ್ಲಿ ಯಾರು ಯಾವ ಭಾಷೆಯನ್ನಾದರೂ ಆಡಬಹುದು. ಸರ್ಕಾರಿ ಕಚೇರಿಗಳು ಬೇರೆ ಭಾಷೆಯ ಅರ್ಜಿ, ಕರಪತ್ರಗಳನ್ನು ನಿಲ್ಲಿಸಲೇಬೇಕು ಅಂತಲೂ ಆದೇಶ ಹೇಳುವುದಿಲ್ಲ. ಆ ತೀರ್ಮಾನ ಆಯಾ ಇಲಾಖೆಯ ಮುಖ್ಯಸ್ಥರಿಗೆ ಬಿಟ್ಟದ್ದು.

ಹಾಗಾದ್ರೆ ಬದಲಾಗಿದ್ದೇನು? ಈ ಆದೇಶ ಒಂದು ಹಳೆಯ ಆದೇಶವನ್ನು ರದ್ದು ಮಾಡಿತು. 2000ದ ಆಗಸ್ಟ್ 11ರಂದು ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಹೊರಡಿಸಿದ್ದ ಆದೇಶ ಅದು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರದ ಸೇವೆ ಅರ್ಥವಾಗುವ ಹಾಗೆ ಸಿಗಬೇಕು, ಅದಕ್ಕೆ ಪ್ರತಿ ಕೇಂದ್ರ ಇಲಾಖೆಯೂ ಯೋಜನೆ ಮಾಡಬೇಕು, ಕೇಂದ್ರದ ದುಡ್ಡು ಪಡೆಯುವ ಸಂಸ್ಥೆಗಳಿಗೂ ದಾರಿ ತೋರಿಸಬೇಕು ಅಂತ ಅದು ಹೇಳಿತ್ತು. ಅದೀಗ ಇಲ್ಲ.

ಅಂದ್ರೆ ನಿನ್ನೆವರೆಗೆ "ಮಾಡಬೇಕು" ಅಂತಿದ್ದದ್ದು ಇವತ್ತು "ಬೇಕಾದರೆ ಮಾಡಿ" ಆಯಿತು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಎರಡು ಮಾತಿನ ನಡುವಿನ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜುಲೈನಲ್ಲಿ ಅಲ್ಲಿನ ನ್ಯಾಯ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅನಿವಾರ್ಯ ಅಲ್ಲದ ಬಹುಭಾಷಾ ಸೇವೆಗಳನ್ನು ಕಡಿಮೆ ಮಾಡಿ ಅಂತ ಇಲಾಖೆಗಳಿಗೆ ಸೂಚನೆ ಕೊಟ್ಟಿತು. ಶ್ವೇತಭವನದ ಸ್ಪ್ಯಾನಿಷ್ ವೆಬ್‌ಸೈಟ್ ಅಂತೂ 2025ರ ಜನವರಿಯಲ್ಲೇ, ಟ್ರಂಪ್ ಅಧಿಕಾರ ಹಿಡಿದ ಕೆಲವೇ ದಿನದಲ್ಲಿ, ಮಾಯವಾಗಿತ್ತು.

ಪರವಾಗಿ ಇರುವವರು ಏನಂತಾರೆ?

ಅವರ ಮಾತನ್ನೂ ಸರಿಯಾಗಿ ಕೇಳಬೇಕು. ಒಂದು ದೇಶ ಅಂದಮೇಲೆ ಎಲ್ಲರೂ ಕೂತು ಮಾತಾಡೋಕೆ ಒಂದು ಭಾಷೆ ಬೇಕು, ಇಲ್ಲದಿದ್ದರೆ ಊರೊಳಗೆ ಹತ್ತು ಊರು ಆಗುತ್ತೆ ಅನ್ನೋದು ಮೊದಲ ವಾದ. ಪ್ರತಿ ಅರ್ಜಿಯನ್ನೂ ಹತ್ತಾರು ಭಾಷೆಗೆ ಅನುವಾದಿಸಲು ತೆರಿಗೆ ದುಡ್ಡು ಖರ್ಚಾಗುತ್ತೆ ಅನ್ನೋದು ಎರಡನೆಯದು. ಎಲ್ಲವೂ ಅವರವರ ಭಾಷೆಯಲ್ಲೇ ಸಿಕ್ಕರೆ ವಲಸೆ ಬಂದವರು ಇಂಗ್ಲಿಷ್ ಕಲಿಯೋದೇ ಇಲ್ಲ, ಕಲಿಯದಿದ್ದರೆ ಒಳ್ಳೆ ಕೆಲಸ ಸಿಗಲ್ಲ, ಹಾಗಾಗಿ ಇದು ಅವರ ಒಳ್ಳೆಯದಕ್ಕೇ ಅನ್ನೋದು ಮೂರನೆಯದು.

ಈ ಮಾತುಗಳು ನಮಗೆ ಎಲ್ಲೋ ಕೇಳಿದ ಹಾಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ. "ಇಲ್ಲಿಗೆ ಬಂದಮೇಲೆ ಇಲ್ಲಿನ ಭಾಷೆ ಕಲೀಬೇಕು" ಅಂತ ನಾವೂ ಬೆಂಗಳೂರಿನ ಬಗ್ಗೆ ಹೇಳ್ತೀವಿ. ಆ ಪ್ರಶ್ನೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಅಮೆರಿಕದ ಚರಿತ್ರೆ ನೋಡೋಣ.

ಹೆದರಿಕೆ ಹಳೇದು, ಹೆದರಿಸಿದ ಭಾಷೆ ಮಾತ್ರ ಬೇರೆ

ಈಗ ಅಲ್ಲಿ ಎಲ್ಲರ ಕಣ್ಣು ಸ್ಪ್ಯಾನಿಷ್ ಮೇಲೆ. ಆದರೆ ಮೊದಲು ಕಣ್ಣು ಬಿದ್ದದ್ದು ಜರ್ಮನ್ ಮೇಲೆ. ದೇಶ ಹುಟ್ಟುವ ಮೊದಲೇ, 1750ರ ದಶಕದಲ್ಲಿ, ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ನರು ಜಾಸ್ತಿಯಾಗುತ್ತಿದ್ದಾರೆ, ನಮ್ಮನ್ನೇ ಜರ್ಮನ್ನರನ್ನಾಗಿ ಮಾಡಿಬಿಡ್ತಾರೆ ಅಂತ ಬೆಂಜಮಿನ್ ಫ್ರಾಂಕ್ಲಿನ್ ಆತಂಕಪಟ್ಟು ಬರೆದಿದ್ದರು. ಅದೇ ಜರ್ಮನ್ನರ ಮರಿಮಕ್ಕಳು ಇವತ್ತು ಅಪ್ಪಟ ಇಂಗ್ಲಿಷ್ ಮಾತಾಡುವ ಅಮೆರಿಕನ್ನರು.

ಮೊದಲ ಮಹಾಯುದ್ಧದ ಹೊತ್ತಿಗೆ ಈ ಆತಂಕ ಕಾನೂನಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಶಾಲೆ, ಸಾರ್ವಜನಿಕ ಜಾಗ, ಟೆಲಿಫೋನ್, ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಳಸಬಾರದು ಅಂದರು. ಮರುವರ್ಷ ನೆಬ್ರಾಸ್ಕಾ ರಾಜ್ಯ ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ಬೇರೆ ಭಾಷೆ ಕಲಿಸುವುದನ್ನೇ ನಿಷೇಧಿಸಿತು. ರಾಬರ್ಟ್ ಮೇಯರ್ ಅನ್ನುವ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಬಿಡಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಇಂಗ್ಲಿಷ್ ಬಾರದವರಿಗೂ ಸಂವಿಧಾನದ ರಕ್ಷಣೆ ಇದೆ ಅನ್ನೋದು ಆ ತೀರ್ಪಿನ ತಿರುಳು.

ಈಗಿನ "ಇಂಗ್ಲಿಷ್ ಮಾತ್ರ" ಚಳವಳಿ ಶುರುವಾಗಿದ್ದು 1980ರ ದಶಕದಲ್ಲಿ. ಅದಕ್ಕೆ ಮುಖವಾಗಿದ್ದವರು ಕ್ಯಾಲಿಫೋರ್ನಿಯಾದ ಸೆನೆಟರ್ ಎಸ್. ಐ. ಹಯಕಾವ. ಇವರು ಜಪಾನಿನಿಂದ ಬಂದ ತಂದೆ-ತಾಯಿಗೆ ಕೆನಡಾದಲ್ಲಿ ಹುಟ್ಟಿದವರು, ಭಾಷೆಯ ವಿದ್ವಾಂಸರು. 1981ರಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಲು ಸಂವಿಧಾನ ತಿದ್ದುಪಡಿ ಮಂಡಿಸಿದರು. ಅದು ಪಾಸಾಗಲಿಲ್ಲ. 1983ರಲ್ಲಿ ಜಾನ್ ಟ್ಯಾಂಟನ್ ಜೊತೆ ಸೇರಿ "ಯು.ಎಸ್. ಇಂಗ್ಲಿಷ್" ಅನ್ನುವ ಸಂಘಟನೆ ಕಟ್ಟಿದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಭಾರಿ ಬಹುಮತದಿಂದ ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆ ಮಾಡಿದರು.

ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. 2009ರ ಜನವರಿಯಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಸರ್ಕಾರಿ ಕೆಲಸ ಇಂಗ್ಲಿಷಿನಲ್ಲಿ ಮಾತ್ರ ಆಗಬೇಕು ಅಂತ ಮತಕ್ಕೆ ಹಾಕಿದರೆ ಜನ ಬೇಡ ಅಂದರು.

ಅವರು ಇಂಗ್ಲಿಷ್ ಕಲಿಯೋದೇ ಇಲ್ವಾ?

ಇಡೀ ವಾದ ನಿಂತಿರೋದು ಈ ಒಂದು ಮಾತಿನ ಮೇಲೆ. ಆದರೆ ಅಲ್ಲಿನ ಸರ್ಕಾರದ ಜನಗಣತಿ ಲೆಕ್ಕವೇ ಬೇರೆ ಹೇಳುತ್ತೆ. 2019ರಲ್ಲಿ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವವರು ಸುಮಾರು 6.8 ಕೋಟಿ ಇದ್ದರು. ಅಂದ್ರೆ ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಲ್ಲಿ 4 ಕೋಟಿಗೂ ಹೆಚ್ಚು ಜನ ಸ್ಪ್ಯಾನಿಷ್ ಆಡುವವರು. ಆದರೆ ಈ 6.8 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೆ ಇಂಗ್ಲಿಷ್ ತುಂಬಾ ಚೆನ್ನಾಗಿ ಬರುತ್ತೆ ಅಂತಲೇ ಹೇಳಿದ್ದಾರೆ. ಅಷ್ಟು ಚೆನ್ನಾಗಿ ಬಾರದವರು ಸುಮಾರು ಎರಡೂವರೆ ಕೋಟಿ.

ಇನ್ನೊಂದು ವಿಷಯ. ಅಲ್ಲಿ ಪೌರತ್ವ ಬೇಕು ಅಂದರೆ ಇಂಗ್ಲಿಷ್ ಓದು, ಬರಹ, ಮಾತಿನ ಪರೀಕ್ಷೆ ಮೊದಲಿಂದಲೂ ಇದೆ. ಇಂಗ್ಲಿಷ್ ಮಾತಾಡಲು ಬರಬೇಕು ಅನ್ನುವ ನಿಯಮ ಬಂದದ್ದು 1906ರಲ್ಲಿ. ಗ್ರೀನ್ ಕಾರ್ಡ್ ಮೇಲೆ ಬಹಳ ವರ್ಷ ಕಳೆದ ವಯಸ್ಸಾದವರಿಗೆ ಮಾತ್ರ ಸ್ವಲ್ಪ ವಿನಾಯಿತಿ: 50 ದಾಟಿದವರು 20 ವರ್ಷ ಅಥವಾ 55 ದಾಟಿದವರು 15 ವರ್ಷ ಹಾಗೆ ಇದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ.

ಸಮಾಜಶಾಸ್ತ್ರಜ್ಞರು ಅಮೆರಿಕವನ್ನು ಭಾಷೆಗಳ ಸ್ಮಶಾನ ಅಂತ ಕರೆಯೋದುಂಟು. ಬಂದವರು ತಮ್ಮ ಭಾಷೆ ಆಡ್ತಾರೆ, ಮಕ್ಕಳು ಎರಡನ್ನೂ ಆಡ್ತಾರೆ, ಮೊಮ್ಮಕ್ಕಳಿಗೆ ಹೆಚ್ಚಾಗಿ ಇಂಗ್ಲಿಷ್ ಒಂದೇ ಉಳಿಯುತ್ತೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ರಜೆಗೆ ಊರಿಗೆ ಬಂದ ಮೊಮ್ಮಗ ಅಜ್ಜಿ ಜೊತೆ ಎಷ್ಟು ಕನ್ನಡ ಮಾತಾಡ್ತಾನೆ ಅಂತ ನೋಡಿ. ಅಲ್ಲಿನ ಕನ್ನಡ ಕೂಟದವರು ವಾರದ ಕೊನೆಗೆ ಮಕ್ಕಳಿಗೆ ಕನ್ನಡ ತರಗತಿ ನಡೆಸೋದು ಸುಮ್ಮನೆ ಅಲ್ಲ. ಅಲ್ಲಿ ಕಷ್ಟಪಟ್ಟು ಉಳಿಸಿಕೊಳ್ಳಬೇಕಾಗಿರೋದು ಕನ್ನಡವನ್ನು. ಇಂಗ್ಲಿಷನ್ನು ಶಾಲೆ, ಟಿವಿ, ಕೆಲಸ, ಗೆಳೆಯರು ಎಲ್ಲ ಸೇರಿ ತಾವಾಗೇ ಕಲಿಸಿಬಿಡ್ತಾರೆ.

ಹಾಗಾಗಿ ಇಂಗ್ಲಿಷಿಗೆ ಕಾನೂನಿನ ಕಾವಲು ಬೇಕಾಗಿರಲಿಲ್ಲ. ಅದನ್ನು ಹೊಟ್ಟೆಪಾಡೇ ಕಲಿಸುತ್ತೆ. ಅಧಿಕೃತ ಭಾಷೆ ಅನ್ನುವ ಮಾತು ತೀರ್ಮಾನ ಮಾಡೋದು ಬೇರೆಯದನ್ನು: ಇನ್ನೂ ಕಲಿತಿಲ್ಲದವರು ಕೌಂಟರ್ ಮುಂದೆ ಬಂದು ನಿಂತಾಗ ಆ ಕಡೆ ಕೂತವರು ಅವರಿಗೆ ಉತ್ತರ ಕೊಡಬೇಕಾ, ಬೇಡವಾ ಅನ್ನೋದನ್ನು.

ಕೌಂಟರ್ ಈಚೆ ನಿಂತವರು

ಶಾಲೆ ತಗೊಳ್ಳಿ. 1970ರ ದಶಕದ ಶುರುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಶಾಲೆಗಳಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳು ಇಂಗ್ಲಿಷ್ ಬಾರದೆ ಸುಮ್ಮನೆ ಕೂತಿರುತ್ತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟಿದ್ದೀವಲ್ಲ, ಇನ್ನೇನು ಬೇಕು ಅನ್ನುವುದು ಶಾಲೆಯವರ ವಾದ. 1974ರಲ್ಲಿ "ಲಾವ್ ವರ್ಸಸ್ ನಿಕೋಲ್ಸ್" ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಒಪ್ಪಲಿಲ್ಲ. ಪಾಠವೇ ಅರ್ಥವಾಗದ ಮಗುವಿಗೆ ಒಂದೇ ಪುಸ್ತಕ ಕೊಟ್ಟರೆ ಅದು ಸಮಾನತೆ ಅಲ್ಲ ಅಂದಿತು. ಅದಕ್ಕೆ ಆಧಾರ 1964ರ ನಾಗರಿಕ ಹಕ್ಕುಗಳ ಕಾಯ್ದೆ.

ಡ್ರೈವಿಂಗ್ ಲೈಸೆನ್ಸ್ ತಗೊಳ್ಳಿ. ಅಲಬಾಮಾ ರಾಜ್ಯ 1990ರಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿತು. ಆಮೇಲೆ ಲೈಸೆನ್ಸಿನ ಪರೀಕ್ಷೆಯೂ ಇಂಗ್ಲಿಷಿನಲ್ಲಿ ಮಾತ್ರ ಅಂತಾಯಿತು. ಇದರ ವಿರುದ್ಧದ ಕೇಸು 2001ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಪರೀಕ್ಷೆ ಇಂಗ್ಲಿಷಿನಲ್ಲೇ ಇರೋದು ಸರಿಯೋ ತಪ್ಪೋ ಅಂತ ಕೋರ್ಟ್ ಹೇಳಲಿಲ್ಲ. ಒಂದು ನಿಯಮ ಉದ್ದೇಶಪೂರ್ವಕ ಅಲ್ಲದೆ ಒಂದು ಗುಂಪಿಗೆ ತೊಂದರೆ ಕೊಡ್ತಿದೆ ಅನ್ನುವಾಗ, 1964ರ ಕಾಯ್ದೆಯಡಿ ಖಾಸಗಿ ವ್ಯಕ್ತಿ ನೇರವಾಗಿ ಕೋರ್ಟಿಗೆ ಬರುವ ಹಾಗಿಲ್ಲ ಅಂತ 5-4ರ ಬಹುಮತದಲ್ಲಿ ಹೇಳಿತು.

ಹಾಗಾಗಿಯೇ ಕ್ಲಿಂಟನ್ ಆದೇಶಕ್ಕೆ ಬೆಲೆ ಇತ್ತು. ಸಾಮಾನ್ಯ ಮನುಷ್ಯ ಕೋರ್ಟಿಗೆ ಹೋಗಲಾಗದ ಕಡೆ ಸರ್ಕಾರವೇ ತನ್ನ ಇಲಾಖೆಗಳ ಬೆನ್ನು ಹತ್ತಬೇಕಿತ್ತು. ಈಗ ಆ ಬೆನ್ನು ಹತ್ತುವ ಕೆಲಸ ಸಡಿಲ ಆಗಿದೆ.

ಇನ್ನು ಲಾರಿ ಡ್ರೈವರ್‌ಗಳು. 2025ರ ಏಪ್ರಿಲ್ 28ರಂದು ಟ್ರಂಪ್ ಇನ್ನೊಂದು ಆದೇಶ ಹೊರಡಿಸಿದರು. ಡ್ರೈವರ್‌ಗಳಿಗೆ ಇಂಗ್ಲಿಷ್ ಬರಬೇಕು ಅನ್ನುವ ನಿಯಮ ಹಳೆಯದೇ. 2016ರಲ್ಲಿ ಅದನ್ನು ಸಡಿಲ ಮಾಡಿದ್ದರು. ಈಗ ಮತ್ತೆ ಬಿಗಿ ಆಯಿತು. 2025ರ ಜೂನ್ 25ರಿಂದ ರಸ್ತೆ ತಪಾಸಣೆಯಲ್ಲಿ ಇಂಗ್ಲಿಷ್ ಬರಲಿಲ್ಲ ಅಂದರೆ ಅಲ್ಲೇ ಗಾಡಿ ನಿಲ್ಲಿಸಬೇಕು. ಅಮೆರಿಕದ ಲಾರಿ ಉದ್ಯಮದಲ್ಲಿ ನಮ್ಮ ಪಂಜಾಬಿನ ಸಿಖ್ಖರು ಬಹಳ ಜನ ಇದ್ದಾರೆ, ಅವರಿಗೆ ಇದು ನೇರ ತಟ್ಟುವ ವಿಷಯ. ರಸ್ತೆ ಬದಿಯ ಸೂಚನಾ ಫಲಕ ಓದಲು ಬರಬೇಕು ಅನ್ನೋದರಲ್ಲಿ ನ್ಯಾಯ ಇದೆ, ಅದು ಎಲ್ಲರ ಜೀವದ ಪ್ರಶ್ನೆ. ಆದರೆ ಫಲಕ ಓದೋದು ಬೇರೆ, ಪೊಲೀಸಿನವರ ಮುಂದೆ ಸರಾಗ ಮಾತಾಡೋದು ಬೇರೆ. ಎಷ್ಟು ಬಂದರೆ ಸಾಕು ಅಂತ ಅಳೆಯೋನು ಆ ಹೊತ್ತಿಗೆ ಅಲ್ಲಿ ನಿಂತ ಅಧಿಕಾರಿ.

ಎಲ್ಲ ಬಾಗಿಲೂ ಮುಚ್ಚಿಲ್ಲ, ಅದನ್ನೂ ಹೇಳಬೇಕು. ಅಧ್ಯಕ್ಷರ ಆದೇಶದಿಂದ ಸಂಸತ್ತಿನ ಕಾಯ್ದೆ ರದ್ದಾಗಲ್ಲ. 1975ರಲ್ಲಿ ಮತದಾನ ಹಕ್ಕು ಕಾಯ್ದೆಗೆ ಸೇರಿಸಿದ ವಿಧಿಯ ಪ್ರಕಾರ, ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಪ್ರದೇಶದಲ್ಲಿ ನಿಗದಿತ ಸಂಖ್ಯೆಗಿಂತ ಹೆಚ್ಚಿದ್ದರೆ ಮತಪತ್ರ ಅವರ ಭಾಷೆಯಲ್ಲೂ ಇರಬೇಕು. ಹಾಗಾಗಿಯೇ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ ಮತಪತ್ರ ಇದೆ. ಆಸ್ಪತ್ರೆಗಳಿಗೂ ಬೇರೆ ಕಾಯ್ದೆಯ ಅಡಿ ದುಭಾಷಿ ಒದಗಿಸುವ ಹೊಣೆ ಇದೆ, ತುರ್ತು ಹೊತ್ತು ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿ ಮಾಡಿಕೊಳ್ಳುವ ಹಾಗಿಲ್ಲ. ಅಲ್ಲಿಗೆ ಹೋಗುವ ನಮ್ಮೂರಿನ ಅಪ್ಪ-ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಎದೆನೋವನ್ನು ವಿವರಿಸೋಕೆ ಕನ್ನಡ ಬಲ್ಲ ದುಭಾಷಿ ಬೇಕು ಅಂತ ಕೇಳೋದು ಉಪಕಾರ ಬೇಡಿದ ಹಾಗಲ್ಲ.

ವಲಸೆ ಬಂದವರದ್ದು ಮಾತ್ರ ಅಲ್ಲ

ಈ ಚರ್ಚೆಯಲ್ಲಿ ಎಲ್ಲರೂ ಮರೆಯುವ ಒಂದು ಗುಂಪಿದೆ. ಇಂಗ್ಲಿಷ್ ಬರುವ ಮೊದಲೇ ಆ ನೆಲದಲ್ಲಿ ಇದ್ದವರು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ಶಾಲೆಯ ಮಾದರಿಯಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಕರೆದೊಯ್ದು ವಸತಿ ಶಾಲೆಗೆ ಹಾಕಿದರು, ತಮ್ಮ ಭಾಷೆ ಆಡಿದರೆ ಶಿಕ್ಷೆ ಕೊಟ್ಟರು. ತಮಾಷೆ ನೋಡಿ, ಎರಡನೇ ಮಹಾಯುದ್ಧದಲ್ಲಿ ಶತ್ರುಗಳಿಗೆ ಗೊತ್ತಾಗದ ಸಂಕೇತ ಬೇಕಾದಾಗ ಅದೇ ಅಮೆರಿಕದ ಸೇನೆಗೆ ಕೈಹಿಡಿದದ್ದು ನವಾಹೊ ಭಾಷೆ.

ಹವಾಯಿಯಲ್ಲಿ 1896ರಲ್ಲಿ ಶಾಲೆಗಳಿಂದ ಹವಾಯಿ ಭಾಷೆಯನ್ನು ಹೊರಗೆ ಹಾಕಿದರು. 1978ರಲ್ಲಿ ಅದೇ ರಾಜ್ಯ ಅದನ್ನು ಇಂಗ್ಲಿಷಿನ ಜೊತೆ ಅಧಿಕೃತ ಭಾಷೆ ಮಾಡಿತು. ಅಲಾಸ್ಕಾ 2014ರಲ್ಲಿ 20 ಮೂಲನಿವಾಸಿ ಭಾಷೆಗಳನ್ನು ಅಧಿಕೃತ ಪಟ್ಟಿಗೆ ಸೇರಿಸಿತು. ಪೋರ್ಟೊ ರಿಕೊ ದ್ವೀಪದಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಅಧಿಕೃತ. ಅಲ್ಲಿನ ಜನ ವಲಸೆ ಬಂದವರಲ್ಲ, ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. "ಇಲ್ಲಿಗೆ ಬಂದಮೇಲೆ ಕಲೀರಿ" ಅಂತ ಇವರಿಗೆಲ್ಲ ಹೇಳೋದು ಹೇಗೆ? ಇವರ ಹತ್ತಿರ ಬಂದದ್ದು ಇಂಗ್ಲಿಷೇ.

ಹಾಗಾದ್ರೆ ನಾವು ಕನ್ನಡ ಕಡ್ಡಾಯ ಅನ್ನೋದು?

ಈಗ ಬಾಕಿ ಇಟ್ಟ ಪ್ರಶ್ನೆ. ಅಮೆರಿಕದ್ದು ತಪ್ಪಾದರೆ ನಮ್ಮದು ಸರಿ ಹೇಗೆ?

ಎರಡೂ ಒಂದೇ ಅಲ್ಲ. ಜಗತ್ತಿನಲ್ಲೇ ಅತಿ ಬಲವಾದ ಭಾಷೆಗೆ ಸರ್ಕಾರ ಬೇಲಿ ಕಟ್ಟೋದು ಒಂದು. ಇಂಗ್ಲಿಷ್, ಹಿಂದಿ ನಡುವೆ ಸಿಕ್ಕಿಕೊಂಡ ಭಾಷೆ ತನ್ನ ನೆಲದಲ್ಲೇ ಜಾಗ ಕೇಳೋದು ಇನ್ನೊಂದು. 1963ರ ಕರ್ನಾಟಕ ಅಧಿಕೃತ ಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಮಾಡಿದ್ದು ರೈತನಿಗೆ ತನ್ನ ಪಹಣಿ ಓದಲು ಬರಲಿ ಅಂತ. ಇವತ್ತಿಗೂ ಸಂವಿಧಾನದ 348ನೇ ವಿಧಿಯಿಂದಾಗಿ ಹೈಕೋರ್ಟಿನ ಕಲಾಪ, ತೀರ್ಪು ಇಂಗ್ಲಿಷಿನಲ್ಲಿ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ಶುರುವಾದ ಜಮೀನಿನ ವ್ಯಾಜ್ಯ ಬೆಂಗಳೂರು ಮುಟ್ಟಿದಮೇಲೆ, ಗೆದ್ದೆನೋ ಸೋತೆನೋ ಅಂತ ಕಕ್ಷಿದಾರ ವಕೀಲರ ಮುಖ ನೋಡಿ ತಿಳ್ಕೋಬೇಕು. "ಇಂಗ್ಲಿಷ್ ಮಾತ್ರ" ಅನ್ನೋದರ ರುಚಿ ನಮಗೆ ಗೊತ್ತಿಲ್ಲದ್ದೇನಲ್ಲ. ಸುಪ್ರೀಂ ಕೋರ್ಟ್ 2019ರಿಂದ ಕೆಲವು ತೀರ್ಪುಗಳ ಕನ್ನಡ ಅನುವಾದ ಕೊಡುತ್ತಿರೋದು ಒಳ್ಳೆ ಶುರು, ಅಷ್ಟೇ.

ಆದರೆ ಬಲಹೀನರ ಪರ ಅಂತ ಹೇಳಿಕೊಂಡಮೇಲೆ ಅದೇ ಅಳತೆಗೋಲು ನಮಗೂ ಬೀಳಬೇಕು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗೆ ಇಳಿದರು. ಆಗ ನಾವೆಲ್ಲ ಅವರ ಪರ. ಕೇರಳದಲ್ಲಿ ಮಲಯಾಳಂ ಬಲವಾದ ಭಾಷೆ, ಕಾಸರಗೋಡಿನ ಕನ್ನಡ ಅಲ್ಪಸಂಖ್ಯಾತ. ಅದೇ ರೀತಿ ಇಲ್ಲಿನ ಕಚೇರಿಗಳಲ್ಲಿ ಕನ್ನಡ ಬಲವಾದ ಭಾಷೆ, ಲಂಬಾಣಿ ತಾಂಡಾದ ಅಜ್ಜಿಯ ಭಾಷೆ ಅಲ್ಲ. ಬೋರ್ಡು ಕನ್ನಡದಲ್ಲಿರಲಿ, ಕಡತ ಕನ್ನಡದಲ್ಲಿರಲಿ. ಆದರೆ ಆ ಅಜ್ಜಿ ಪಿಂಚಣಿ ಕೇಳಲು ಬಂದಾಗ ಅರ್ಥವಾಗುವ ಉತ್ತರ ಸಿಗಬೇಕು.

ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. 350ನೇ ವಿಧಿ ನೋಡಿ: ಅಹವಾಲು ಹೇಳಿಕೊಳ್ಳುವ ಯಾರೇ ಆಗಲಿ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. 1956ರಲ್ಲಿ ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಪ್ರಯತ್ನಿಸಿ ಅನ್ನುತ್ತೆ. ಒಂದು ಭಾಷೆಗೆ ಅಧಿಕೃತ ಸ್ಥಾನ ಕೊಟ್ಟ ಪುಸ್ತಕದಲ್ಲೇ ಅದು ಬಾರದವರಿಗೂ ಬಾಗಿಲು ಇಟ್ಟಿದ್ದಾರೆ. ಅಮೆರಿಕದಲ್ಲಿ ಅಂಥ ಬಾಗಿಲು ಇದ್ದದ್ದು ಹೆಚ್ಚಾಗಿ ಅಧ್ಯಕ್ಷರ ಒಂದು ಆದೇಶದಲ್ಲಿ. ಒಬ್ಬರ ಸಹಿಯಿಂದ ತೆರೆದದ್ದು ಇನ್ನೊಬ್ಬರ ಸಹಿಯಿಂದ ಮುಚ್ಚಿತು.

ಮುಂದೆ ಅಮೆರಿಕದಲ್ಲಿ ಗಮನಿಸಬೇಕಾದ್ದು ಎರಡು. ಇದನ್ನು ಮುಂದೆ ಬರುವ ಅಧ್ಯಕ್ಷರು ರದ್ದು ಮಾಡಲಾಗದ ಹಾಗೆ ಸಂಸತ್ತು ಕಾಯ್ದೆ ಮಾಡುತ್ತಾ ಅನ್ನೋದು ಒಂದು. ಮತಪತ್ರ, ಆಸ್ಪತ್ರೆ, ಶಾಲೆಗೆ ಸಂಬಂಧಿಸಿದ ಹಳೆಯ ಕಾಯ್ದೆಗಳಿಗೆ ಕೈ ಹಾಕ್ತಾರಾ ಅನ್ನೋದು ಇನ್ನೊಂದು. ಅಲ್ಲಿ ಮಗ, ಮಗಳು ಇರುವವರು ಈ ಎರಡರ ಮೇಲೆ ಕಣ್ಣಿಡಿ.

ಇಲ್ಲಿ ಇರುವವರು ಮುಂದಿನ ಸಲ ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋದಾಗ ಕ್ಯೂನಲ್ಲಿ ನಿಮ್ಮ ಹಿಂದೆ ನಿಂತವರನ್ನು ಒಮ್ಮೆ ನೋಡಿ. ಅವರಿಗೆ ಆ ಅರ್ಜಿ ಓದಲು ಬರುತ್ತಾ? ಬಾರದಿದ್ದರೆ ಓದಿ ಹೇಳೋರು ಯಾರಿದ್ದಾರೆ?